ಗಣಕಕೊಠಡಿ ಮತ್ತು ವಿಳಾಸದ ವಹಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವೀಯುವುದು ಸ್ತುತ್ಯ ಕಾರ್ಯ. ಆದರೆ ಕೊಠಡಿಯ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಐ.ಪಿ. ವಿಳಾಸ ಬೇಕೆಂಬುದರತ್ತ ಅಷ್ಟೇ ಲಕ್ಷ್ಯ ಹರಿಯಬೇಕು. ಖಾಸಗಿ ಜಾಲಗಳಿಗೆ ಮೀಸಲಾದ 192.168 ಶ್ರೇಣಿಯ ಒಂದು ಸಾಮಾನ್ಯ ವಿಭಾಗದಲ್ಲಿ 254 ವಿಳಾಸಗಳು ದೊರೆಯುತ್ತವೆ. ಒಂದು ಪ್ರೌಢಶಾಲೆಗೆ ಅದು ಧಾರಾಳ. ಹೊರಜಾಲಕ್ಕೆ ಅವು ಕಾಣವಾದ್ದರಿಂದ ಕೊಪ್ಪಳದ ಶಾಲೆಯೂ ಕುಷ್ಟಗಿಯ ಶಾಲೆಯೂ ಅವೇ ಅಂಕಿಗಳನ್ನು ಬಳಸಿದರೂ ಬಾಧಕವಿಲ್ಲ. ಒಂದೇ ಕೊಠಡಿಯ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ಮಾತ್ರ ಸಂಪರ್ಕ ಕೆಡುತ್ತದೆ. ಹಾಜರಿ ಪುಸ್ತಕದಲ್ಲಿ ಇಬ್ಬರಿಗೆ ಒಂದೇ ಕ್ರಮಾಂಕವಿತ್ತಂತೆ! ಕೈಯಿಂದ ಅಂಕಿ ತುಂಬುವಲ್ಲಿ ಇದು ಸಹಜ. ಆದುದರಿಂದ ವಿದ್ಯಾರ್ಥಿಗಳ ಯಂತ್ರಗಳಿಗೆ, ವಿಳಾಸವನ್ನು ನಿಯತ ಅವಧಿಗೆ ತಾನಾಗಿ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯೇ ಲೇಸು. ಸರ್ವರ್, ಪ್ರಿಂಟರ್‌ಗಳಿಗೆ ಸ್ಥಿರ ವಿಳಾಸವಿರಲಿ. ಅವು ಹಂಚಿಕೆಯ ವ್ಯಾಪ್ತಿಯಿಂದ ಹೊರಗುಳಿದು ದಾಸ್ತಾನು ವಹಿಯಲ್ಲಿ ನಮೂದಾಗಬೇಕು. ಇಲ್ಲವಾದರೆ ಬಲ್ಲ ಶಿಕ್ಷಕರು ನಿವೃತ್ತರಾದೊಡನೆ, ಕೆಡದ ಯಂತ್ರಗಳೂ ಧೂಳು ಹಿಡಿದಾವು.