ಫೋನಿನಲ್ಲಿ ಪಾಠವಿದೆ, ಮಗು ಕೇಳೋದು ಯಾರನ್ನ?

ತಿರುಪ್ಪೂರಿನ ಕನ್ನಡ ಮನೆಗಳಲ್ಲಿ ಅಜ್ಜಿ ಆಡುವ ಮಾತು ಮೊಮ್ಮಕ್ಕಳಿಗೆ ತಿಳಿಯುತ್ತದೆ. ಅದನ್ನೇ ಬರೆದುಕೊಟ್ಟರೆ ಓದೋಕೆ ಬರೋದಿಲ್ಲ. ತಲೆತಲಾಂತರದಿಂದ ಇಲ್ಲೇ ಇರುವ ದೇವಾಂಗದವರ ಮನೆಯಿರಲಿ, ಬನಿಯನ್ ಕಂಪನಿ ಕೆಲಸಕ್ಕೆ ಬಂದ ಸಂಸಾರವಿರಲಿ, ಮಕ್ಕಳ ಶಾಲೆ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. 2006ರ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಹಂತ ಹಂತವಾಗಿ ಕಡ್ಡಾಯವೂ ಆಯಿತು. ಹೀಗಾಗಿ ಕನ್ನಡ ಅಕ್ಷರಕ್ಕೆ ಫೋನೇ ಗತಿ ಎಂಬ ಆಸೆ ಪಾಲಕರಲ್ಲಿ ಹುಟ್ಟಿದರೆ ತಪ್ಪೇನಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆನ್‌ಲೈನ್ ಆದರೆ ಮಗು ತನ್ನ ವೇಗದಲ್ಲಿ ಕಲಿಯುತ್ತದೆ, ಪಾಠ ತಾನಾಗಿ ಮಗುವಿನ ಕಡೆ ತಿರುಗುತ್ತದೆ ಎನ್ನುವವರೂ ಇದ್ದಾರೆ.

ಇದು ಅರ್ಧ ನಿಜ. 2020ರಲ್ಲಿ ಶಾಲೆಗಳು ಮುಚ್ಚಿದಾಗ ತಮಿಳುನಾಡಿನಲ್ಲಿ ಕಲ್ವಿ ಟಿ.ವಿ., ಕರ್ನಾಟಕದಲ್ಲಿ ಚಂದನದ ಸಂವೇದ ಪಾಠ ಮಕ್ಕಳ ಕೈಹಿಡಿದವು. ಆದರೆ ಟೀವಿಯೊಳಗಿನ ಮೇಷ್ಟ್ರು 'ಗೊತ್ತಾಯ್ತಾ?' ಎಂದಾಗ ಮಗು 'ಇಲ್ಲ ಸಾರ್' ಅಂದರೆ ಅವರಿಗೆ ಕೇಳಿಸೋದಿಲ್ಲ. ಫೋನಿನಲ್ಲಿ ಪಾಠವನ್ನು ಹಿಂದಕ್ಕೆ ತಂದು ನೋಡಬಹುದು, ಸರಿ. ಹತ್ತು ಸಲ ತಂದರೂ ಅದೇ ಮಾತು! ಕಡೆಗೆ ಮೇಷ್ಟ್ರೇ ಊರೂರಿಗೆ ಹೋಗಬೇಕಾಯಿತು. 2020ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ವಿದ್ಯಾಗಮ ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ತಮಿಳುನಾಡಿನಲ್ಲಿ 'ಇಲ್ಲಂ ತೇಡಿ ಕಲ್ವಿ' ಬಂತು, ಸ್ವಯಂಸೇವಕರು ಮನೆ ಹತ್ತಿರವೇ ಸಂಜೆ ಪಾಠ ಹೇಳಿದರು.

ಮಗುವಿನ ವೇಗಕ್ಕೆ ತಕ್ಕ ಪಾಠವೇನೂ ಫೋನಿನ ಜೊತೆ ಹುಟ್ಟಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಗೆ ಬೇಕಾಗಿದ್ದದ್ದು ಕಾರ್ಡುಗಳು ಮತ್ತು ಪಕ್ಕದಲ್ಲಿ ಕೂರುವ ಶಿಕ್ಷಕರು.

ತಿರುಪ್ಪೂರಿನ ಮಗುವಿನ ತೊಡಕೇ ಬೇರೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಟ, ಡ ಎರಡಕ್ಕೂ ಒಂದೇ. ಹಾಗೆ ಕಲಿತ ಮಗು 'ಗಿಡ' ಬರೆಯಲು ಹೋಗಿ 'ಕಿಟ' ಎಂದು ಬರೆದರೆ ಅದು ದಡ್ಡತನವಲ್ಲ. ಕರ್ನಾಟಕದ ಮಕ್ಕಳಿಗೆಂದು ಮಾಡಿಟ್ಟ ವಿಡಿಯೋಗೆ ಈ ಸಂಗತಿ ಗೊತ್ತಿಲ್ಲ. ಎದುರಿಗಿರುವ ಟೀಚರಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ, ಅವರು ಫೋನಿನ ಆಚೆಗಿದ್ದರೂ ಸರಿಯೇ, ಮಗು ಬರೆದದ್ದನ್ನು ನೋಡಿದರೆ ಸಾಕು.

ಆದ್ದರಿಂದ ಕನ್ನಡ ಸಂಘಗಳಾಗಲಿ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಾಗಲಿ ಆನ್‌ಲೈನ್ ಕನ್ನಡ ತರಗತಿಗೆ ಕೈಹಾಕುವುದಾದರೆ ನೂರು ಮಕ್ಕಳನ್ನು ಒಂದೇ ಪರದೆಯ ಮುಂದೆ ಕೂರಿಸುವುದು ಬೇಡ. ಐದಾರು ಮಕ್ಕಳು ಸಾಕು. ಮಗು ಓದಲಿ, ಟೀಚರು ಕೇಳಲಿ. ತಮಿಳು ಬಲ್ಲ ಕನ್ನಡದವರೇ ಆ ಟೀಚರಾದರೆ ಇನ್ನೂ ಒಳ್ಳೆಯದು. ತರಗತಿ ರಾತ್ರಿ ಎಂಟರ ಮೇಲಿರಲಿ. ಎಷ್ಟೋ ಮನೆಗಳಲ್ಲಿ ಇರುವ ಒಂದು ಫೋನು ಅಪ್ಪನ ಜೊತೆ ಕಂಪನಿಗೆ ಹೋಗಿರುತ್ತದೆ.