ಕಾಯದ ಬಾಧೆಗೆ ಸಂಕೋಚವೇಕೆ?



ಔರಾದ ತಾಲೂಕಿನ ಹಿರಿಯರೊಬ್ಬರು ಭಾಲ್ಕಿಯಲ್ಲಿ ನಡೆದ ಮೊಮ್ಮಗಳ ಮದುವೆಗೇ ಬರಲಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಅವರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ಕಾಣಲು ಹೋದಾಗ ಕಾರಣ ತಿಳಿಯಿತು. ಅರಿವಿಲ್ಲದೆ ಮೂತ್ರ ಜಿನುಗುವುದೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮೈಲಿಗೆಯೆಂದು ಇಷ್ಟಲಿಂಗಪೂಜೆಯನ್ನೂ ಬಿಟ್ಟಿದ್ದರು. ಮನೆಯವರಿಗೆ ಒಂದು ಮಾತನ್ನೂ ತಿಳಿಸಿರಲಿಲ್ಲ.

ಈ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಅದನ್ನು ತೆಗೆದಾಗ ಮೂತ್ರದ ಹಿಡಿತ ಸಡಿಲವಾಗುವುದು ಸಹಜ. ಬಹುಮಂದಿಗೆ ಕೆಲವು ತಿಂಗಳುಗಳಲ್ಲಿ, ಕೆಲವರಿಗೆ ವರ್ಷದೊಳಗೆ ಇದು ತಗ್ಗುತ್ತದೆ. ನೀರು ಬಿಟ್ಟರೆ ಮೂತ್ರ ಗಾಢವಾಗಿ ಉರಿ ಹೆಚ್ಚುವುದು, ಮಲಬದ್ಧತೆಯೂ ಆಗುವುದು.

ಮೊದಲ ಒಂದೆರಡು ವಾರ ಮೂತ್ರದ ನಳಿಕೆ ಇರುತ್ತದೆ. ಅದರ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನಳಿಕೆ ಮಡಚಿಕೊಳ್ಳದಿರಲಿ. ಕಿಬ್ಬೊಟ್ಟೆ ಹಿಂಡಿದಂತಾದರೆ ವೈದ್ಯರಿಗೆ ತಿಳಿಸಿರಿ, ಅದಕ್ಕೆ ಗುಳಿಗೆಗಳುಂಟು. ಮೆತ್ತನೆಯ ರೊಟ್ಟಿ, ಸೊಪ್ಪಿನ ಪಲ್ಯ ಉಣ್ಣಿರಿ, ಶೌಚದಲ್ಲಿ ತಿಣುಕಬೇಡಿರಿ. ಮನೆಯಂಗಳದಲ್ಲಿ ಆಗಾಗ ಸ್ವಲ್ಪ ನಡೆಯಿರಿ. ವೈದ್ಯರು ಒಪ್ಪುವವರೆಗೆ ಜೋಳದ ಚೀಲ ಎತ್ತುವುದು, ಮೋಟಾರ್ ಸೈಕಲ್, ಟ್ರ್ಯಾಕ್ಟರ್ ಏರುವುದು ಬೇಡ.

ನಳಿಕೆ ತೆಗೆದ ಬಳಿಕ ವೈದ್ಯರನ್ನು ಕೇಳಿ ಒಂದು ವ್ಯಾಯಾಮ ಆರಂಭಿಸಬಹುದು. ಇದನ್ನು 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಬಾಣಂತಿಯರಿಗಾಗಿ ಪ್ರಚಾರಕ್ಕೆ ತಂದರು. ಪುರುಷರಿಗೂ ಇದು ಉಪಯುಕ್ತ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿದು, ಅಷ್ಟೇ ಹೊತ್ತು ಸಡಿಲಿಸುವುದು. ಉಸಿರು ಕಟ್ಟದೆ ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ ಮಾಡಬೇಕು. ದಾಂಪತ್ಯದ ತೊಂದರೆಯೂ ಈ ಚಿಕಿತ್ಸೆಯ ನಂತರ ಕಾಣುವಂಥದೇ. ಅದನ್ನೂ ವೈದ್ಯರಲ್ಲಿ ಹೇಳಿಕೊಳ್ಳಬೇಕು.

ಜ್ವರ 101 ಡಿಗ್ರಿ ಮುಟ್ಟಿದರೆ, ಮೂತ್ರ ನಿಂತರೆ, ರಕ್ತದ ಗೆಡ್ಡೆ ಬಂದರೆ, ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ಬೆಳಗಿನ ಬಸ್ಸಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಅಥವಾ ಬೀದರಿಗೆ ಹೊರಡಿರಿ. ನಳಿಕೆಯನ್ನು ಮನೆಯಲ್ಲಿ ಯಾರೂ ಎಳೆಯಕೂಡದು.

ಇನ್ನು ಮೈಲಿಗೆಯ ಮಾತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದವರು ನಮ್ಮ ಶರಣರು. ಹೀಗಿರುವಾಗ ರೋಗದಿಂದ ಜಿನುಗಿದ ನಾಲ್ಕು ಹನಿಗೆ ಲಿಂಗವು ದೂರವಾದೀತೆ? ಬಟ್ಟೆ ಬದಲಿಸಿ, ಕೈ ತೊಳೆದು, ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿಯ ಮೇಲೆಯೇ ಕುಳಿತು ಪೂಜಿಸಿರೆಂದು ಆ ಹಿರಿಯರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯನ್ನು ಕರೆದು, "ತಂಬಿಗೆ ನೀರು ಕೊಡವ್ವಾ" ಎಂದರು.