ಬಾಣಂತಿಯ ತಲೆನೋವು ಮತ್ತು ವಂಶದ ಹೊಣೆ

ಹೆರಿಗೆಯಾಗಿ ಎರಡು ವಾರ ಕಳೆಯುವಷ್ಟರಲ್ಲಿ ಬಾಣಂತಿಗೆ ಬಿಡದ ತಲೆನೋವು, ವಾಂತಿ, ಬಳಿಕ ಫಿಟ್ಸ್. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಂಕೆಂದು ಭಾವಿಸುವವರು ಇನ್ನೂ ಇದ್ದಾರೆ. ವೈದ್ಯರಿಗೆ ಅದು ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಸೂಚನೆಯಾಗಿರಬಹುದು. ಒಟ್ಟು ಪಾರ್ಶ್ವವಾಯು ಪ್ರಕರಣಗಳಲ್ಲಿ ಇದರ ಪಾಲು ಶೇ 1ರ ಆಸುಪಾಸು ಎಂಬುದು ಪಾಶ್ಚಾತ್ಯರ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್‌ಗೆ ಮಾತ್ರ ಬಾಣಂತಿಯರಲ್ಲಿನ ಈ ಕಾಯಿಲೆ ದಶಕಗಳಿಂದ ಪರಿಚಿತ. ಅಲ್ಲಿನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇಂತಹ ರೋಗಿಗಳಿಗೆ ಕಡಿಮೆ ಪ್ರಮಾಣದ ಹೆಪಾರಿನ್‌ನಿಂದಾಗುವ ಪ್ರಯೋಜನವನ್ನು 1999ರಲ್ಲಿಯೇ ವರದಿ ಮಾಡಿದ್ದರು.

ರೋಗ ಪತ್ತೆಯಾದೊಡನೆ ಏಳುವ ಪ್ರಶ್ನೆ, ಇದು ವಂಶದಲ್ಲಿದೆಯೇ ಎಂಬುದು. ಪ್ರಶ್ನೆ ಅಸಂಬದ್ಧವೇನಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಹಾಗೂ ಆಂಟಿಥ್ರಾಂಬಿನ್‌ಗಳ ಕೊರತೆ ಆನುವಂಶಿಕವಾಗಿ ಬರಬಲ್ಲದು. 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗುರುತಿಸಲಾದ 'ಫ್ಯಾಕ್ಟರ್ ಫೈವ್ ಲೈಡನ್' ಎಂಬ ವಂಶವಾಹಿ ಬದಲಾವಣೆ ಯುರೋಪಿಯನ್ನರಲ್ಲಿ ಸಾಮಾನ್ಯ, ಭಾರತೀಯರಲ್ಲಿ ವಿರಳ. ಆದರೆ ಗರ್ಭಾವಸ್ಥೆಯಲ್ಲಿ ಮತ್ತು ಹೆರಿಗೆಯ ನಂತರದ ಕೆಲವು ವಾರಗಳಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಇಳಿದಿರುತ್ತದೆ. ಹೊಸದಾಗಿ ಕಟ್ಟಿದ ಹೆಪ್ಪು ಕೂಡ ಈ ಪ್ರೋಟೀನುಗಳನ್ನು ಕುಗ್ಗಿಸುತ್ತದೆ. ಆ ದಿನಗಳ ಪರೀಕ್ಷಾ ವರದಿಯನ್ನೇ ನಂಬಿ 'ರಕ್ತದಲ್ಲೇ ದೋಷವಿರುವ ಮನೆತನ' ಎಂದು ತೀರ್ಮಾನಿಸುವುದು ತಪ್ಪು; ತಿಂಗಳುಗಳ ಬಳಿಕ ಪರೀಕ್ಷೆಯನ್ನು ಪುನರಾವರ್ತಿಸಬೇಕು. ನಮ್ಮಲ್ಲಿ ಇಂತಹ ಒಂದು ಚೀಟಿ ತಂಗಿಯರ ಮದುವೆಗೂ ಅಡ್ಡಬರಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಂಶವಾಹಿ ಒಂದೇ ಈ ರೋಗವನ್ನು ತರುವುದು ಅಪರೂಪ. ಹೆರಿಗೆಯ ರಕ್ತಸ್ರಾವವನ್ನು ನಿಲ್ಲಿಸಲೆಂದೇ ಪ್ರಕೃತಿ ಆ ಕಾಲದಲ್ಲಿ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಅದರ ಮೇಲೆ ರಕ್ತಹೀನತೆ. ಬಿ-12 ಮತ್ತು ಫೋಲೇಟ್ ಕೊರತೆಯಿಂದ ಏರುವ ಹೋಮೋಸಿಸ್ಟೀನ್. ಇವೆಲ್ಲಕ್ಕೂ ಮಿಗಿಲಾಗಿ ನೀರಿನ ಅಭಾವ. ನೀರು ಕುಡಿದರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಬೆಚ್ಚಗಿನ ಕೋಣೆಯಲ್ಲಿ ಬಾಣಂತಿಯನ್ನು ಬಾಯಾರಿಸುವ ಪದ್ಧತಿ ಕರ್ನಾಟಕದ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಬಾಣಂತನದ ವಿಶ್ರಾಂತಿ, ಎಣ್ಣೆನೀರು, ಹಿರಿಯರ ಆರೈಕೆ ಇವುಗಳ ಬಗ್ಗೆ ನನಗೆ ಗೌರವವಿದೆ. ಬಾಯಾರಿಕೆಯ ಬಗ್ಗೆ ಇಲ್ಲ. ವಂಶವಾಹಿಯನ್ನು ಬದಲಿಸಲಾಗದು, ನೀರಿನ ಲೋಟಕ್ಕೆ ಖರ್ಚೇ ಇಲ್ಲ. ಅರ್ಥಶಾಸ್ತ್ರ ಓದಿದವರಿಗೆ ಇದಕ್ಕಿಂತ ಸುಲಭದ ಲೆಕ್ಕ ಸಿಗಲಾರದು.

ಚಿಕ್ಕೋಡಿ ಸೀಮೆಯ ಏಕಸಂಬಿಯಂತಹ ಗಡಿ ಊರುಗಳಲ್ಲಿ ಇನ್ನೊಂದು ತೊಡಕಿದೆ. ದೂಧಗಂಗೆಯ ಆಚೆ ಮಹಾರಾಷ್ಟ್ರ. ಹೆಣ್ಣು ಕೊಟ್ಟು ತರುವುದಕ್ಕೆ ಗಡಿಯ ಹಂಗಿಲ್ಲ. ಗಂಡನ ಮನೆ ಒಂದು ರಾಜ್ಯದಲ್ಲಿ, ಚೊಚ್ಚಲ ಹೆರಿಗೆಯ ತವರು ಇನ್ನೊಂದರಲ್ಲಿ. ಕಾಯಿಲೆ ಬಿಗಡಾಯಿಸಿದರೆ ಮಿರಜ್ ಅಥವಾ ಬೆಳಗಾವಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. ನೋಂದಣಿ ಒಂದು ಕಡೆ, ಬಾಣಂತಿ ಮತ್ತೊಂದು ಕಡೆ ಇದ್ದರೆ ಈ ಭೇಟಿಗಳು ತಪ್ಪಿಹೋಗುವುದು ಸುಲಭ.

ಪ್ರತಿ ಭೇಟಿಯಲ್ಲೂ ಎರಡು ಪ್ರಶ್ನೆ ಕೇಳಿದರೆ ಸಾಕು: ತಲೆನೋವಿದೆಯೇ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀ? ಸಂಶಯ ಬಂದರೆ ತಡಮಾಡದೆ ಕಳುಹಿಸಬೇಕು. ಸಾಮಾನ್ಯ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ಅರ್ಥವಲ್ಲ. ಅಭಿಧಮನಿಗಳನ್ನೇ ತೋರಿಸುವ ಚಿತ್ರಣ ಬೇಕು. ಮಳೆಗಾಲದಲ್ಲಿ ನದಿಗಳ ನೀರಿನ ಮಟ್ಟವನ್ನು ಎರಡೂ ರಾಜ್ಯಗಳ ಅಧಿಕಾರಿಗಳು ಪರಸ್ಪರ ತಿಳಿಸುತ್ತಾರೆ. ಬೆಳಗಾವಿ ಮತ್ತು ಕೊಲ್ಲಾಪುರ ಜಿಲ್ಲಾಡಳಿತಗಳು ತವರಿಗೆ ಹೋದ ಗರ್ಭಿಣಿಯರ ಪಟ್ಟಿಯನ್ನೂ ಹಾಗೆಯೇ ತಿಂಗಳಿಗೊಮ್ಮೆ ವಿನಿಮಯ ಮಾಡಿಕೊಳ್ಳಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಅನುದಾನವೂ ಬೇಡ.